ಗೋಧಿಯ ಎದೆ ಓದಿದ ಭಾನುವಾರ

ನಾಲ್ಕು ಮರಿಗಳಲ್ಲಿ ಮೊದಲನೆಯದು ವಾಂತಿ-ಭೇದಿಯಿಂದ ಸತ್ತಿತು. ಎರಡನೆಯದಕ್ಕೆ ಏನೂ ಆಗಿರಲಿಲ್ಲ. ಏನೂ ಆಗದೆ ಸತ್ತಿತಲ್ಲ, ನಮಗೆ ನಿಜವಾದ ಭಯ ಹುಟ್ಟಿದ್ದು ಅವತ್ತು.

ಹೈದರಾಬಾದ್ ಇನ್ನೂ ಇಡೀ ಆಂಧ್ರಕ್ಕೆ ರಾಜಧಾನಿಯಾಗಿದ್ದ ಕಾಲ ಅದು. ನಾನು ಒಂದು ಸರ್ಕಾರಿ ಕಾರ್ಖಾನೆಯ ಆಸ್ಪತ್ರೆಯಲ್ಲಿ ಇ.ಸಿ.ಜಿ. ತೆಗೆಯುವ ಕೆಲಸದಲ್ಲಿದ್ದೆ. ನನ್ನ ಗಂಡ ಈರಣ್ಣ ಅದೇ ಕಾರ್ಖಾನೆಯ ಟೂಲ್ ರೂಮಿನಲ್ಲಿ. ವಿಜಾಪುರದ ಕಡೆಯಿಂದ ಬಂದು ಕ್ವಾರ್ಟರ್ಸಿನಲ್ಲಿ ಹತ್ತು ವರ್ಷ ಕಳೆದಿದ್ದೆವು. ಗಾಳಿ ಮದ್ದಿನ ಕಾರ್ಖಾನೆಗಳಿದ್ದ ಜೀಡಿಮೆಟ್ಲಾ ಕಡೆಯಿಂದ ಬೀಸಿದ ದಿನ ಒಣಹಾಕಿದ ಬಟ್ಟೆಗೂ ಔಷಧದ ಘಾಟು ಹತ್ತುತ್ತಿತ್ತು. ಒಬ್ಬಳೇ ಮಗಳು ವೀಣಾ, ಐದನೇ ಕ್ಲಾಸು.

ನಮ್ಮ ಬ್ಲಾಕಿನ ಮೆಟ್ಟಿಲ ಕೆಳಗೆ ಬೀದಿನಾಯಿಯೊಂದು ನಾಲ್ಕು ಮರಿ ಹಾಕಿತ್ತು. ಅವು ಕಣ್ಣು ಬಿಟ್ಟು ಓಡಾಡತೊಡಗಿದ ಮೇಲೆ ಒಂದನ್ನು ಮೇಲಿನ ಮನೆಯ ಸರೋಜಮ್ಮ ಇಟ್ಟುಕೊಂಡರು. ಒಂದನ್ನು ಗೇಟಿನ ವಾಚ್‌ಮ್ಯಾನ್ ಕೊಂಡಾಪುರದ ತನ್ನ ಹೊಲಕ್ಕೆ ಒಯ್ದ. ಆಗ ಕೊಂಡಾಪುರವೆಂದರೆ ಬಂಡೆ, ಜೋಳದ ಹೊಲ, ಕುರಿ. ಒಂದು ಮರಿ ತಾಯಿಯ ಜೊತೆಗೇ ಉಳಿಯಿತು. ಗೋಧಿ ಬಣ್ಣದ ಹೆಣ್ಣು ಮರಿಯೊಂದನ್ನು ವೀಣಾ ಸ್ಕರ್ಟಿನಲ್ಲಿ ಕಟ್ಟಿಕೊಂಡು ಮನೆಗೆ ತಂದಳು. ನಾನು ಬೇಡವೆಂದೆ. ಸಂಜೆಯ ಹೊತ್ತಿಗೆ ಅದಕ್ಕೆ ಗೋಧಿ ಎಂಬ ಹೆಸರೂ ಬಿದ್ದಿತ್ತು, ಮಲಗಲು ನನ್ನ ಹಳೇ ಸೀರೆಯೂ ಸಿಕ್ಕಿತ್ತು.

ಮೆಟ್ಟಿಲ ಕೆಳಗಿದ್ದ ಮರಿ ಸತ್ತ ಮೂರನೇ ದಿನಕ್ಕೆ ಗೋಧಿ ಹಾಲು ಬಿಟ್ಟಿತು. ಮಧ್ಯಾಹ್ನಕ್ಕೆ ವಾಂತಿ. ಸಂಜೆಗೆ ರಕ್ತ ಬೆರೆತ ಭೇದಿ. ಆ ವಾಸನೆ ಒಮ್ಮೆ ಮೂಗಿಗೆ ಬಡಿದವರು ಅದನ್ನು ಮರೆಯುವುದಿಲ್ಲ. ಇಡೀ ಮನೆ ಫಿನಾಯಿಲಿನಲ್ಲಿ ತೊಳೆದರೂ ಅದು ಹೋಗಲಿಲ್ಲ.

ಬೆಳಿಗ್ಗೆ ರಜೆ ಹಾಕಿ, ಬುಟ್ಟಿಯಲ್ಲಿ ಅದನ್ನಿಟ್ಟು, ಎರಡು ಬಸ್ಸು ಬದಲಿಸಿ ಸರ್ಕಾರಿ ಪಶು ಆಸ್ಪತ್ರೆಗೆ ಹೋದೆವು. ವೀಣಾ ಶಾಲೆಗೆ ಹೋಗಲೊಲ್ಲೆ ಎಂದು ಜೊತೆಗೆ ಬಂದಳು. ಅಂಗಳದಲ್ಲಿ ಎಮ್ಮೆ, ಮೇಕೆ, ಕಾಲು ಮುರಿದ ಹುಂಜ ಹಿಡಿದು ಕೂತ ಮುದುಕ. ಮನುಷ್ಯರ ಆಸ್ಪತ್ರೆಯ ಬೆಂಚುಗಳನ್ನು ದಿನವೂ ಕಂಡವಳು ನಾನು. ಅಲ್ಲಿ ಜನ ತಮ್ಮ ಕಾಯಿಲೆ ಹೇಳಿಕೊಳ್ಳುತ್ತಾರೆ. ಇಲ್ಲಿ ಯಾರೂ ಮಾತಾಡುತ್ತಿರಲಿಲ್ಲ. ಪ್ರಾಣಿಗಾಗಿ ಅಷ್ಟು ದೂರ ಬಂದಿದ್ದೇವೆ ಎಂದು ಎಲ್ಲರಿಗೂ ಒಂದಿಷ್ಟು ನಾಚಿಕೆ ಇದ್ದಂತಿತ್ತು. ಹುಂಜದ ಮುದುಕ ಮಾತ್ರ ನಮ್ಮ ಬುಟ್ಟಿ ನೋಡಿ, ತಾನು ಕೂತಿದ್ದ ನೆರಳಿನ ಜಾಗ ಬಿಟ್ಟುಕೊಟ್ಟ.

ಡಾಕ್ಟರ್ ಖಲೀಲ್ ನಡುವಯಸ್ಸಿನವರು, ತೆಳ್ಳಗೆ. ಗೋಧಿಯ ವಸಡು ನೋಡಿ, "ಟೀಕಾ ಲಗಾಯೇ ಕ್ಯಾ?" ಎಂದು ಕೇಳಿದರು. ಲಸಿಕೆ ಹಾಕಿಸಿರಲಿಲ್ಲ. ನಾಯಿಮರಿಗೆ ಇಂಥದಕ್ಕೂ ಲಸಿಕೆ ಇದೆಯೆಂದು ನನಗೆ ಗೊತ್ತೂ ಇರಲಿಲ್ಲ. ಆಸ್ಪತ್ರೆಯಲ್ಲೇ ಕೆಲಸ ಮಾಡುವವಳು! ನಾನು ತಲೆ ಅಲ್ಲಾಡಿಸಿದೆ. ಅವರು ಬೈಯಲಿಲ್ಲ. ಮುಂಗಾಲಿನ ಕೂದಲು ಬೋಳಿಸಿ ಡ್ರಿಪ್ ಹಚ್ಚಿ, ಬಾಟಲಿಯನ್ನು ಕಿಟಕಿಯ ಸರಳಿಗೆ ತೂಗಿದರು. ಐದು ದಿನ ಹಾಗೆ ನಡೆಯಿತು. ಬೆಳಿಗ್ಗೆ ಹೋಗಿ ಬಾಟಲಿ ಮುಗಿಯುವವರೆಗೆ ಕೂರುವುದು, ವಾಪಸು ಬರುವುದು. ವೀಣಾ ಆ ಕಾಲನ್ನು ಅಲುಗದಂತೆ ಹಿಡಿದು, ತನ್ನ ಕೈ ಜೋಮು ಹಿಡಿದರೂ ಬಿಡುತ್ತಿರಲಿಲ್ಲ.

ಆರನೇ ದಿನ ಗೋಧಿ ಎದ್ದು ನಿಂತು ಅನ್ನದ ಗಂಜಿ ನೆಕ್ಕಿತು. ಈರಣ್ಣ ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಳ್ಳುತ್ತ, "ಉಳೀತು ನೋಡು" ಅಂದರು. ಅವರ ಕಣ್ಣು ಒದ್ದೆಯಾಗಿತ್ತು. ನಾನು ಕಂಡೂ ಕಾಣದಂತಿದ್ದೆ.

ಆಮೇಲೆ ನಾಲ್ಕು ದಿನ ಕಳೆದಿರಬೇಕು. ಮೇಲಿನಿಂದ ಸರೋಜಮ್ಮ ಚೀರಿದ್ದು ಕೇಳಿ ನಾನೂ ವೀಣಾಳೂ ಓಡಿದೆವು. ಅಡುಗೆಮನೆಯ ಹೊಸ್ತಿಲಲ್ಲಿ ಅವರ ಮರಿ ಒಂದು ಮಗ್ಗುಲಾಗಿ ಬಿದ್ದಿತ್ತು. ಬಾಯಿಂದ ನೊರೆಯಿಲ್ಲ, ರಕ್ತವಿಲ್ಲ, ಹೊಟ್ಟೆ ದುಂಡಗೇ ಇತ್ತು. ಮೊಸರನ್ನದ ತಟ್ಟೆ ಸರೋಜಮ್ಮನ ಕೈಯಲ್ಲೇ ಉಳಿದಿತ್ತು.

"ಪಿಲಿಚಾನು, ವಚ್ಚಿಂದಿ, ಪಡಿಪೋಯಿಂದಿ" ಎಂದು ಅವರು ಮತ್ತೆ ಮತ್ತೆ ಅದನ್ನೇ ಹೇಳಿದರು. ಕರೆದೆ, ಬಂತು, ಬಿದ್ದುಹೋಯಿತು. ಆ ಮರಿಗೆ ಒಂದೇ ಒಂದು ದಿನ ಹೊಟ್ಟೆ ಕೆಟ್ಟು ತಾನೇ ಸರಿಹೋಗಿತ್ತು. ಎಲ್ಲಕ್ಕಿಂತ ಗಟ್ಟಿ ಮರಿ ಅದೇ ಎಂದು ನಾವೆಲ್ಲ ಅಂದುಕೊಂಡಿದ್ದೆವು.

ಮರುದಿನ ಗೋಧಿಗೆ ಕೊನೆಯ ಇಂಜೆಕ್ಷನ್. ಈ ಸಂಗತಿಯನ್ನು ಡಾಕ್ಟರ್ ಖಲೀಲರಿಗೆ ಹೇಳಿದೆ. ಅವರು ಸಿರಿಂಜು ಪಕ್ಕಕ್ಕಿಟ್ಟು ಸ್ಟೆತಾಸ್ಕೋಪು ಕಿವಿಗೆ ಹಾಕಿಕೊಂಡು ಗೋಧಿಯ ಎಡ ಪಕ್ಕೆಗೆ ಒತ್ತಿದರು. ಎದೆ ಕೇಳುವ ಡಾಕ್ಟರುಗಳನ್ನು ನಾನು ಸಾವಿರ ಸಲ ನೋಡಿದ್ದೇನೆ. ಎಲ್ಲ ಸರಿಯಿದ್ದರೆ ಎಷ್ಟು ಹೊತ್ತು ಬೇಕು ಎಂದು ನನಗೆ ಗೊತ್ತು. ಆ ಹೊತ್ತು ಮುಗಿಯಿತು. ಅವರು ಸ್ಟೆತಾಸ್ಕೋಪು ತೆಗೆಯಲಿಲ್ಲ. ಕಣ್ಣು ಮುಚ್ಚಿಕೊಂಡರು.

"ಬಚ್ಚೀ ಕೂ ಜರಾ ಬಾಹರ್ ಬಿಠಾವ್ ಅಮ್ಮಾ" ಅಂದರು. ಮಗಳನ್ನು ಹೊರಗೆ ಕೂರಿಸಿ ಬಂದೆ.

ಈ ಕಾಯಿಲೆಯ ವೈರಸ್ ಕೆಲವು ಮರಿಗಳಲ್ಲಿ ಕರುಳಿಗಷ್ಟೇ ಅಲ್ಲ, ಹೃದಯಕ್ಕೂ ಇಳಿಯುತ್ತದಂತೆ. ಮೇಲಿನ ಮನೆಯ ಮರಿಗೆ ಆದದ್ದು ಅದೇ ಇರಬಹುದು. ಗೋಧಿಯ ಬಡಿತವೂ ನಡುನಡುವೆ ತಪ್ಪುತ್ತಿದೆ ಎಂದರು. ಭೇದಿಯಿಂದ ಮೈಯ ಲವಣ ಹೋಗಿ ಹೀಗಾಗಿದ್ದರೆ ತಾನೇ ಸರಿಹೋದೀತು. ಹೃದಯವೇ ಬಾತಿದ್ದರೆ ಬೇರೆ ಮದ್ದು ಬೇಕು, ಆ ಮದ್ದು ಸುಮ್ಮನೆ ಕೊಡುವಂಥದ್ದಲ್ಲ. ಯಾವುದೆಂದು ಕಿವಿಯಿಂದ ಹೇಳಲಾಗದು, ಕಾಗದದ ಮೇಲೆ ನೋಡಬೇಕು. ಪ್ರಾಣಿಗಳ ಇ.ಸಿ.ಜಿ. ತೆಗೆಯುವ ಯಂತ್ರ ತಮ್ಮಲ್ಲಿ ಇಲ್ಲ ಎಂದರು.

"ನಾನು ಅದೇ ಕೆಲಸ ಮಾಡ್ತೀನಿ ಸಾಬ್" ಎಂದೆ. ಬಾಯಿಂದ ಹೊರಟ ಮೇಲೆಯೇ ನನಗೆ ಅದರ ಅರ್ಥವಾಯಿತು. ಅವರು ನನ್ನನ್ನೇ ನೋಡಿದರು. "ಮೈಂ ಕುಛ್ ನಹೀಂ ಬೋಲಾ ಅಮ್ಮಾ" ಎಂದು ಕೈ ತೊಳೆಯಲು ಹೋದರು. ನಾನೇನೂ ಹೇಳಿಲ್ಲ ಎಂದರೂ ಹೇಳಿದಂತೆಯೇ ಆಗಿತ್ತು.

ಅವತ್ತು ಈರಣ್ಣ ಡ್ಯೂಟಿಯಿಂದ ಬಂದ ಮೇಲೆ ಎಲ್ಲ ಹೇಳಿದೆ. ವೀಣಾ ಕೆಳಗೆ ಆಡುತ್ತಿದ್ದಳು.

"ನಿನಗ ತಲಿ ಕೆಟ್ಟೈತೇನು ಶಾಂತಾ? ಮಂದಿಗೆ ಹಚ್ಚೋ ಮಷೀನ್‌ನ ನಾಯಿಗೆ ಹಚ್ಚತಿ? ಯಾರರ ಕಂಪ್ಲೇಂಟ್ ಕೊಟ್ರ ನೌಕರಿ ಉಳೀತೈತೇನು?"

"ತೊಳದು ಇಡ್ತೀನ್ರಿ. ಹತ್ತು ನಿಮಿಷದ ಕೆಲಸ."

ಅವರು ಬೇರೆಯದೇ ಮಾತು ತೆಗೆದರು. "ಇದನ್ನ ಎಲ್ಲಿಗಾದ್ರೂ ಕೊಟ್ಟು ಬಿಡೋಣು. ವೀಣಾನ ಎದುರಿಗೆ ಬಿದ್ದ್ರ ಏನು ಮಾಡ್ತಿ? ನಮ್ಮಪ್ಪ ಹಿಂಗ ಬಿದ್ದು ಸತ್ತಾಗ ನನಗ ಆಕಿಯಷ್ಟ ವಯಸ್ಸಿತ್ತು. ಬೂಟಿನ ದಾರ ಕಟ್ಟಾಕತ್ತಿದ್ದ. ನನಗ ಇನ್ನೂ ಆ ದಾರ ಕಾಣತೈತಿ."

ಮದುವೆಯಾಗಿ ಹದಿಮೂರು ವರ್ಷಗಳಲ್ಲಿ ಅವರು ಈ ಮಾತನ್ನು ನನಗೆ ಒಮ್ಮೆಯೂ ಹೇಳಿರಲಿಲ್ಲ. ಮಗಳಿಗೆ ಸದ್ಯ ಹೇಳುವುದು ಬೇಡ ಎಂಬಷ್ಟಕ್ಕೆ ಇಬ್ಬರೂ ಒಪ್ಪಿದೆವು. ಹೊಟ್ಟೆ ಇನ್ನೂ ಹಸಿಯಾಗಿದೆ, ಗೋಧಿಯನ್ನು ಓಡಿಸಬೇಡ ಎಂದಷ್ಟೇ ಅವಳಿಗೆ ಹೇಳಿದೆ.

ಆ ವಾರ ಹೇಗೆ ಕಳೆಯಿತೆಂದರೆ, ಗೋಧಿ ಮಲಗಿದಾಗಲೆಲ್ಲ ನನ್ನ ಅಂಗೈ ಅದರ ಪಕ್ಕೆಯ ಮೇಲೆ. ಬಡಿತ, ಬಡಿತ, ಬಡಿತ, ಆಮೇಲೆ ಏನೂ ಇಲ್ಲ. ಆ ಖಾಲಿ ಜಾಗದಲ್ಲಿ ನನ್ನದೂ ನಿಂತಂತಾಗುತ್ತಿತ್ತು. ಮತ್ತೆ ಒಂದು ದೊಡ್ಡ ಬಡಿತ, ಒಳಗಿನಿಂದ ಯಾರೋ ಗುದ್ದಿದ ಹಾಗೆ. ಕೆಲಸದ ಮೇಲಿದ್ದಾಗ ಯಾರಾದರೂ ಜೋರಾಗಿ ಬಾಗಿಲು ಬಡಿದರೆ ಮನೆಯಿಂದಲೇ ಬಂದರೇನೋ ಎಂದು ಬೆಚ್ಚುತ್ತಿದ್ದೆ. ಅದರ ಮೇಲೆ, ವಾಚ್‌ಮ್ಯಾನ್ ಗೇಟಿನಲ್ಲಿ ನಿಲ್ಲಿಸಿ ಕೊಂಡಾಪುರದ ಮರಿಯ ಸುದ್ದಿ ಹೇಳಿದ. ಅವನ ಸೈಕಲ್ಲಿನ ಹಿಂದೆ ಓಡಿ ಬರುತ್ತಿತ್ತಂತೆ. ತಿರುಗಿ ನೋಡಿದರೆ ಹಾದಿಯಲ್ಲಿ ಮಲಗಿತ್ತಂತೆ. ಆಟಕ್ಕೆ ಮಲಗಿದೆ ಎಂದುಕೊಂಡನಂತೆ.

ನಾಲ್ಕರಲ್ಲಿ ನಮ್ಮದೊಂದೇ ಉಳಿದಿತ್ತು.

ಭಾನುವಾರ ಮಧ್ಯಾಹ್ನ ನಮ್ಮ ಆಸ್ಪತ್ರೆಯಲ್ಲಿ ಹೊರರೋಗಿಗಳಿರುವುದಿಲ್ಲ. ಇ.ಸಿ.ಜಿ. ಕೋಣೆಯ ಕೀಲಿ ನನ್ನ ಬಳಿಯೇ ಇರುತ್ತಿತ್ತು. ಗೋಧಿಯನ್ನು ಬುಟ್ಟಿಯಲ್ಲಿಟ್ಟು ಮೇಲೆ ಟವೆಲು ಮುಚ್ಚಿ ಹಿಂದಿನ ಬಾಗಿಲಿನಿಂದ ಒಳಗೆ ಹೋದೆ. ಹಿಡಿಯಲು ಒಬ್ಬರು ಬೇಕಿತ್ತು. ಈರಣ್ಣ ಬರುವುದಿಲ್ಲ ಎಂದಿದ್ದರು. ಹೊಟ್ಟೆಯ ಪರೀಕ್ಷೆ ಎಂದು ಹೇಳಿ ವೀಣಾಳನ್ನೇ ಕರೆದೊಯ್ದೆ.

ಮಂಚದ ಮೇಲೆ ರಬ್ಬರ್ ಶೀಟು ಹಾಸಿ ಗೋಧಿಯನ್ನು ಬಲಮಗ್ಗುಲಾಗಿ ಮಲಗಿಸಿದೆವು. ದೊಡ್ಡವರ ಕ್ಲಿಪ್ಪುಗಳು ಅದರ ಕಾಲಿಗೆ ನಿಲ್ಲಲಿಲ್ಲ. ಹತ್ತಿ ಸುತ್ತಿ, ಜೆಲ್ಲಿ ಹಚ್ಚಿ ಹೇಗೋ ಕೂರಿಸಿದೆ. ವೀಣಾ ಅದರ ಕಿವಿಯ ಹತ್ತಿರ ಬಾಗಿ ಏನೋ ಪಿಸುಗುಡುತ್ತಿದ್ದಳು. ಗೋಧಿ ಅಲುಗಲೇ ಇಲ್ಲ. ಯಂತ್ರ ಶುರುಮಾಡಿದೆ.

ಕಾಗದ ಹೊರಬರತೊಡಗಿತು. ಮೊದಲು ಚೂಪಾದ, ಸಣ್ಣ, ಒತ್ತೊತ್ತಾದ ಶಿಖರಗಳು. ಮರಿಯಲ್ಲವೇ, ವೇಗ ಸಹಜ. ನಾನು ಉಸಿರು ಬಿಡುವಷ್ಟರಲ್ಲಿ ಒಂದು ಅಗಲವಾದ, ವಿಕಾರವಾದ ಗೆರೆ ಎದ್ದು ಬಿದ್ದಿತು. ಆಮೇಲೆ ಖಾಲಿ. ಮತ್ತೆ ಸಣ್ಣವು. ಮತ್ತೆ ಅಗಲದ್ದು. ಕಾಗದ ಒಂದು ಮೊಳ ಉದ್ದವಾಗುವಷ್ಟರಲ್ಲಿ ಅಗಲದವು ಒಂದರ ಬೆನ್ನಿಗೆ ಒಂದು ಐದು ಬಂದವು, ನಡುವೆ ಒಂದೂ ಸಣ್ಣದಿಲ್ಲದೆ. ಮನುಷ್ಯರಲ್ಲಿ ಇಂಥದು ಕಂಡರೆ ನಾನು ಯಂತ್ರವನ್ನೂ ನಿಲ್ಲಿಸದೆ ಡಾಕ್ಟರನ್ನು ಕೂಗುತ್ತೇನೆ. ಅವತ್ತು ಕೂಗಲು ಯಾರೂ ಇರಲಿಲ್ಲ.

"ಅವ್ವಾ, ಇಲ್ಲಿ ಹಂಗ್ಯಾಕ ಐತಿ?" ವೀಣಾ ಅದೇ ಜಾಗಕ್ಕೆ ಬೆರಳಿಟ್ಟಳು.

"ಮಷೀನಿನ ಮುಳ್ಳು ಅಲುಗಾಡ್ತು" ಎಂದೆ.

ಕಾಗದವನ್ನು ಮಡಚಿ ಇಟ್ಟುಕೊಂಡೆ. ಕ್ಲಿಪ್ಪುಗಳನ್ನು ಸ್ಪಿರಿಟ್ಟಿನಿಂದ ಎರಡು ಸಲ ತೊಳೆದು, ಮಂಚ ಒರೆಸಿ, ಬಾಗಿಲು ಹಾಕಿಕೊಂಡು ಬಂದೆವು.

ಸೋಮವಾರ ಬೆಳಿಗ್ಗೆ ನಮ್ಮ ದೊಡ್ಡ ಡಾಕ್ಟರ ಮೇಜಿನ ಮೇಲೆ ಆ ಕಾಗದ ಇಟ್ಟೆ. ಹೆಸರಿಲ್ಲ, ಕಾರ್ಖಾನೆಯ ಟೋಕನ್ ನಂಬರಿಲ್ಲ. ಪಶುವೈದ್ಯರಿಗೆ ತೋರಿಸುವ ಮೊದಲು ನಾನು ಕಂಡದ್ದು ನಿಜವೋ ನನ್ನ ಭಯವೋ ಎಂದು ತಿಳಿಯಬೇಕಿತ್ತು. ಅವರು ವಿಜಯವಾಡದವರು, ಕಡಕ್ ಮನುಷ್ಯ. ಚಹಾ ಕುಡಿಯುತ್ತ ಕಾಗದ ಎತ್ತಿಕೊಂಡವರು ಕಪ್ಪು ಕೆಳಗಿಟ್ಟರು. ಕುರ್ಚಿಯಿಂದ ಎದ್ದೇಬಿಟ್ಟರು.

"ಇಂಥ ವೇಗ ಮಕ್ಕಳದೇ. ಈ ಪಾಪ ಎಕ್ಕಡುಂದಿ?" ಮಗು ಎಲ್ಲಿದೆ ಎಂದು ಅವರು ತೆಲುಗಿನಲ್ಲಿ ಕೇಳಿದ್ದು ಇವತ್ತಿಗೂ ನನ್ನ ಕಿವಿಯಲ್ಲಿದೆ. "ಮನೆಗೆ ಯಾಕೆ ಕಳಿಸಿದಿರಿ ಶಾಂತಮ್ಮಾ? ಈಗಲೇ ಕರೆಸಿ, ಆಂಬುಲೆನ್ಸ್ ಹೇಳ್ತೇನೆ." ಕೈ ಆಗಲೇ ಫೋನಿನ ಮೇಲಿತ್ತು.

"ಮಗು ಅಲ್ಲ ಸರ್. ನಾಯಿಮರಿ."

ಅವರ ಮುಖ ಕೆಂಪಾಯಿತು. ಆಮೇಲೆ ಹತ್ತು ನಿಮಿಷ ನಾನು ಕೇಳಿದ ಬೈಗುಳ ಇಲ್ಲಿ ಬರೆಯುವುದಿಲ್ಲ. ಒಂದೂ ತಪ್ಪಾಗಿ ಬೈಯಲಿಲ್ಲ. ರೋಗಿಗಳ ಯಂತ್ರ, ರೋಗಿಗಳ ನಂಬಿಕೆ, ಎಲ್ಲ ಸರಿಯಾದ ಮಾತೇ. ನಾನು ತಲೆ ತಗ್ಗಿಸಿ ನಿಂತೆ. ಬೈದು ಮುಗಿದ ಮೇಲೂ ಅವರು ಕಾಗದ ಕೆಳಗಿಟ್ಟಿರಲಿಲ್ಲ. ಆ ಐದು ಗೆರೆಗಳ ಮೇಲೆ ಹೆಬ್ಬೆರಳು ಇಟ್ಟುಕೊಂಡೇ ಇದ್ದರು.

"ಮಗುವಾಗಿದ್ದರೆ ಈಗಲೇ ಡ್ರಿಪ್ಪಿನಲ್ಲಿ ಮದ್ದು ಶುರುಮಾಡುತ್ತಿದ್ದೆ" ಎಂದು, ಮದ್ದಿನ ಹೆಸರನ್ನು ಕಾಗದದ ಹಿಂದೆ ಬರೆದರು. "ಇದನ್ನು ನಿಮ್ಮ ಪಶು ಡಾಕ್ಟರಿಗೆ ತೋರಿಸಿ. ಅವರು ತೀರ್ಮಾನಿಸಲಿ. ಅರ್ಧ ದಿನ ರಜೆ ಬರೆದುಕೊಟ್ಟು ಹೋಗಿ."

ಮೆಮೊ ಮರುದಿನ ಬಂತು. ಬಡ್ತಿ ಎರಡು ವರ್ಷ ನಿಂತಿತು. ಅದರಲ್ಲಿ ಅನ್ಯಾಯವೇನೂ ಇಲ್ಲ ಎಂದೇ ನಾನು ಸಹಿ ಹಾಕಿದೆ.

ಡಾಕ್ಟರ್ ಖಲೀಲ್ ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದು ಓದಿದರು. ಹಿಂದಿನ ಬರಹವನ್ನೂ ಓದಿದರು. ಅವರ ಮನಸ್ಸಿನಲ್ಲಿದ್ದ ಮದ್ದೂ ಅದೇ. ಮೂರು ದಿನ ಗೋಧಿಗೆ ಮತ್ತೆ ಡ್ರಿಪ್ ಹಚ್ಚಿ, ಪಕ್ಕೆಗೆ ಕಿವಿಯಿಟ್ಟೇ ಹನಿಗಳನ್ನು ಹೆಚ್ಚು ಕಡಿಮೆ ಮಾಡಿದರು. ಒಂದು ಮಧ್ಯಾಹ್ನ ಗೋಧಿಯ ಕಣ್ಣು ಮೇಲಾಗಿ ಕಾಲುಗಳು ಅದುರಿದವು. ಅವರು ತಕ್ಷಣ ಹನಿ ನಿಲ್ಲಿಸಿದರು. ಮದ್ದು ಹೆಚ್ಚಾಗಿತ್ತು. ಕಡಿಮೆಯಾದರೆ ಹೃದಯ ನಿಲ್ಲಬಹುದು, ಹೆಚ್ಚಾದರೆ ಹೀಗೆ. ಹಾಗೆ ಹೇಳುವಾಗ ಅವರ ದನಿಯೂ ಸಣ್ಣದಾಗಿತ್ತು. ಅರ್ಧ ಗಂಟೆಯಲ್ಲಿ ಗೋಧಿ ತಲೆ ಎತ್ತಿತು. ಕೊನೆಗೆ ಗುಳಿಗೆ ಬರೆದುಕೊಟ್ಟರು. ಮನುಷ್ಯರ ಗುಳಿಗೆ, ಬ್ಲೇಡಿನಿಂದ ನಾಲ್ಕು ತುಂಡು ಮಾಡಿ ಒಂದು ತುಂಡು, ದಿನಕ್ಕೆ ಮೂರು ಹೊತ್ತು.

"ದೌಡಾನಾ ನಕ್ಕೋ, ಡರಾನಾ ನಕ್ಕೋ. ದೋ ಮಹೀನೇ ನಿಕಲ್ ಗಯೇ ತೋ ದೇಖೇಂಗೇ." ಓಡಿಸಬೇಡಿ, ಹೆದರಿಸಬೇಡಿ. ಎರಡು ತಿಂಗಳು ದಾಟಿದರೆ ನೋಡೋಣ. ದಾಟುತ್ತದೆ ಎಂದು ಅವರು ಹೇಳಲಿಲ್ಲ.

ಆ ಎರಡು ತಿಂಗಳ ನಡುವೆ ದೀಪಾವಳಿ ಇತ್ತು. ಕ್ವಾರ್ಟರ್ಸಿನ ಅಂಗಳದಲ್ಲಿ ಮಧ್ಯಾಹ್ನದಿಂದಲೇ ಲಕ್ಷ್ಮೀ ಬಾಂಬು. ನಾನು ಕಿಟಕಿಗಳಿಗೆಲ್ಲ ಹಾಸಿಗೆ ಅಡ್ಡ ನಿಲ್ಲಿಸಿ, ರೇಡಿಯೋ ಜೋರು ಮಾಡಿ, ಗೋಧಿಯನ್ನು ಬಚ್ಚಲುಮನೆಯಲ್ಲಿ ಮಡಿಲಲ್ಲಿಟ್ಟುಕೊಂಡು ಕೂತೆ. ಒಂದೊಂದು ಸದ್ದಿಗೂ ಅದರ ಎದೆ ಅಡ್ಡಾದಿಡ್ಡಿ ಓಡುತ್ತಿತ್ತು. ಸ್ವಲ್ಪ ಹೊತ್ತಿಗೆ ಅಂಗಳ ಸ್ತಬ್ಧವಾಯಿತು. ಆಮೇಲೆ ತಿಳಿಯಿತು. ಗೋಧಿಯನ್ನು ಕೊಟ್ಟುಬಿಡೋಣ ಎಂದಿದ್ದ ಈರಣ್ಣನೇ ಮನೆಮನೆಗೆ ಹೋಗಿ, "ನಮ್ಮನ್ಯಾಗ ಒಬ್ಬರಿಗೆ ಹಾರ್ಟ್ ತ್ರಾಸ ಐತ್ರಿ, ದಯವಿಟ್ಟು ಗ್ರೌಂಡಿಗೆ ಹೋಗಿ ಹೊಡೀರಿ" ಎಂದು ಕೇಳಿಕೊಂಡಿದ್ದರು. ಯಾರಿಗೆ ಎಂದು ಯಾರೂ ಕೇಳಲಿಲ್ಲವಂತೆ.

ಈ ನಡುವೆ ನನ್ನನ್ನು ಇನ್ನೊಂದು ವಿಷಯ ಕೊರೆಯುತ್ತಿತ್ತು. ವೀಣಾ ಬದಲಾಗಿದ್ದಳು. ಮೊದಲು ಶಾಲೆಯಿಂದ ಬರುವಾಗ ಅರ್ಧ ಮೆಟ್ಟಿಲಿನಿಂದಲೇ "ಗೋಧೀ" ಎಂದು ಕೂಗುತ್ತಿದ್ದವಳು ಈಗ ಸದ್ದಿಲ್ಲದೆ ಬಂದು ಚಪ್ಪಲಿ ಬಿಡುತ್ತಿದ್ದಳು. ಹೆಸರು ಹಿಡಿದು ಕರೆಯುವುದೇ ನಿಂತಿತ್ತು. ಕಾಯಿಲೆಯ ಪ್ರಾಣಿ ಅವಳಿಗೆ ಬೇಸರವಾಗಿರಬೇಕು ಎಂದುಕೊಂಡೆ. ಒಂದು ಸಂಜೆ ತಡೆಯಲಾಗದೆ ಕೇಳಿಯೇಬಿಟ್ಟೆ. "ಬೇಕಂತ ತಂದಾಕಿ ನೀನು. ಈಗ ಒಂದು ಮಾತು ಕರಿಯಾಕೂ ಬ್ಯಾಸರೇನು?"

"ಕರದ್ರ ಓಡಿ ಬರತೈತಿ ಅವ್ವಾ" ಎಂದಳು. "ಸರೋಜಾ ಆಂಟಿ ಕರದ್ರಲ್ಲ, ಅದಕ್ಕ ಅದು ಬಿತ್ತು. ನಾನು ಅದರ ಕಡೆ ನಡಕೊಂಡ ಹೋಗ್ತೀನಿ."

ನಾನು ಅವಳ ಪಕ್ಕ ಕೂತೆ. "ನಿನಗ ಯಾರು ಹೇಳಿದ್ರು?"

"ನೀನ. ಮುಳ್ಳು ಅಲುಗಾಡಿದ್ರ ನೀ ಇನ್ನೊಮ್ಮೆ ತಗೀತಿದ್ದಿ. ಹಂಗ ಮಡಚಿ ಇಟ್ಟುಕೊಂಡಿ."

ಹತ್ತು ವರ್ಷದ ಹುಡುಗಿ ಆರು ವಾರ ಆ ಭಯವನ್ನು ಒಬ್ಬಳೇ ಹೊತ್ತಿದ್ದಳು, ನಾವಿಬ್ಬರು ಅದೇ ಭಯವನ್ನು ಅವಳಿಂದ ಮುಚ್ಚಿಡುತ್ತ ಕೂತಿದ್ದಾಗ. ಅವತ್ತು ಪೆಟ್ಟಿಗೆಯಿಂದ ಆ ಕಾಗದ ತೆಗೆದು, ಮೂವರೂ ನೆಲದ ಮೇಲೆ ಕೂತು, ಒಂದೊಂದು ಗೆರೆಯೂ ಏನೆಂದು ಅವಳಿಗೆ ಹೇಳಿದೆ. ಬೀಳಬಹುದು ಎಂದೂ ಹೇಳಿದೆ. ಅವಳು ಅತ್ತಳು. ಈರಣ್ಣ ಅವಳ ತಲೆಯ ಮೇಲೆ ಕೈಯಿಟ್ಟು, ತಮ್ಮಪ್ಪನ ಬೂಟಿನ ದಾರದ ಕತೆ ಹೇಳಿದರು. ಭಯ ಕಡಿಮೆಯಾಗಲಿಲ್ಲ. ಆದರೆ ಮನೆಯಲ್ಲಿ ಪಿಸುಮಾತು ನಿಂತಿತು.

ಎರಡು ತಿಂಗಳು ದಾಟಿತು. ಮೂರೂ ಆಯಿತು. ಡಾಕ್ಟರ್ ಖಲೀಲ್ ಗುಳಿಗೆಯನ್ನು ಮೆಲ್ಲಗೆ ಇಳಿಸಿ ನಿಲ್ಲಿಸಿದರು. ಬಡಿತ ಈಗಲೂ ಆಗಾಗ ತಪ್ಪುತ್ತಿತ್ತು. ಗಾಯ ಮಾಗಿದ ಗುರುತು ಹೃದಯದಲ್ಲಿ ಉಳಿದಿರಬೇಕು, ಅದು ಇನ್ನು ಹಾಗೇ ಎಂದರು. ಓಡಲಿ, ಕಟ್ಟಿಹಾಕಿ ಎಷ್ಟು ದಿನ ಬದುಕಿಸುತ್ತೀರಿ ಎಂದು ಬೆನ್ನು ತಟ್ಟಿ ಕಳಿಸಿದರು.

ಅದಾದ ಮೇಲೂ ಅದನ್ನು ಬಿಡಲು ನನಗೆ ಧೈರ್ಯ ಸಾಲದೆ ಮತ್ತೊಂದು ವಾರ ಹೋಯಿತು. ಕೊನೆಗೆ ಒಂದು ಬೆಳಿಗ್ಗೆ ಫುಟ್‌ಬಾಲ್ ಗ್ರೌಂಡಿನ ಒಂದು ತುದಿಯಲ್ಲಿ ಈರಣ್ಣ ಗೋಧಿಯ ಬೆಲ್ಟು ಹಿಡಿದು ನಿಂತರು, ಇನ್ನೊಂದು ತುದಿಯಲ್ಲಿ ನಾನೂ ವೀಣಾಳೂ. ಅವರು ಬೆಲ್ಟು ಬಿಚ್ಚಿದರು. ಗೋಧಿ ಅಲ್ಲೇ ನಿಂತು ನಮ್ಮ ಕಡೆ ನೋಡುತ್ತಿತ್ತು. ವೀಣಾ ನನ್ನ ಮುಖ ನೋಡಿದಳು. ನಾನು ಹೂಂ ಎನ್ನಲಿಲ್ಲ, ಬೇಡವೆನ್ನಲೂ ಇಲ್ಲ. ಅವಳು ಉಸಿರು ಎಳೆದುಕೊಂಡು ಗಂಟಲು ಹರಿಯುವ ಹಾಗೆ ಕೂಗಿದಳು.

ಗೋಧಿ ಓಡಿತು. ಅಷ್ಟು ಉದ್ದದ ಗ್ರೌಂಡು ನಾನು ಬೇರೆಲ್ಲೂ ಕಂಡಿಲ್ಲ. ನಡುವೆ ಒಂದು ಕಡೆ ಕಾಲು ತೊಡರಿತು. ಆಚೆ ತುದಿಯಿಂದ ಈರಣ್ಣ ಓಡತೊಡಗಿದರು. ಅಷ್ಟರಲ್ಲಿ ಅದು ಸಾವರಿಸಿಕೊಂಡು ಬಂದು ವೀಣಾಳ ಎದೆಗೆ ಹಾರಿ ಅವಳನ್ನು ಮಣ್ಣಿನಲ್ಲಿ ಕೆಡವಿತು.

ಗೋಧಿ ಆಮೇಲೆ ಏಳು ವರ್ಷ ಬದುಕಿತು. ತಪ್ಪುವ ಬಡಿತ ತಪ್ಪುತ್ತಲೇ ಇತ್ತು. ಏಳು ವರ್ಷವೂ ನನ್ನ ಅಂಗೈ ಅದನ್ನು ಎಣಿಸುತ್ತಲೇ ಇತ್ತು. ವೀಣಾ ಇಂಟರ್, ಅಂದರೆ ನಮ್ಮ ಕಡೆಯ ಪಿ.ಯು.ಸಿ., ಓದುತ್ತಿದ್ದ ವರ್ಷ, ಒಂದು ಬೆಳಿಗ್ಗೆ ಬಾಲ್ಕನಿಯ ಬಿಸಿಲಲ್ಲಿ ಮಲಗಿದ್ದು ಎದ್ದೇಳಲಿಲ್ಲ. ನಾವು ಮೂವರೂ ಮನೆಯಲ್ಲೇ ಇದ್ದೆವು.

ಅದಾಗಿ ಕೆಲವು ತಿಂಗಳಿಗೆ ಪೇಂಟ್ ಶಾಪಿನ ಫೋರ್‌ಮನ್ ಒಬ್ಬರು ಎದೆ ಡವಡವ ಎನ್ನುತ್ತದೆಂದು ನನ್ನ ಕೋಣೆಗೆ ಬಂದರು. ಕಾಗದ ಸ್ವಚ್ಛವಾಗಿ ಬಂತು, ಏನೂ ಇಲ್ಲ ಎಂದೆ. ಅವರು ಮಂಚದಿಂದ ಇಳಿಯಲಿಲ್ಲ. ಅಂಗಿಯ ಗುಂಡಿ ಹಾಕಿಕೊಳ್ಳುತ್ತ, ನಗುವವರ ಹಾಗೆ ಮುಖ ಮಾಡಿ, "ಏನಿಲ್ಲ ಸಿಸ್ಟರ್, ಮನೆಯಲ್ಲಿ ನಾಯಿಗೆ ಹುಷಾರಿಲ್ಲ. ಮೂರು ದಿನದಿಂದ ಡ್ರಿಪ್ ಮೇಲಿದೆ. ಅದಕ್ಕೇ ಇರಬೇಕು. ಹೇಳಿದರೆ ಜನ ನಗುತ್ತಾರೆ" ಎಂದರು.

ಹೊರಗೆ ಇನ್ನೂ ಐದಾರು ಜನ ಕಾಯುತ್ತಿದ್ದರು. ನಾನು ಬಾಗಿಲು ಮುಂದೆ ಮಾಡಿ, ಸ್ಟೂಲು ಎಳೆದುಕೊಂಡು ಅವರ ಎದುರು ಕೂತೆ.

"ಹೆಸರೇನು?" ಎಂದೆ.

ಅವರು ತಮ್ಮ ಹೆಸರನ್ನೂ ಟೋಕನ್ ನಂಬರನ್ನೂ ಹೇಳತೊಡಗಿದರು.

"ನಿಮ್ಮದಲ್ಲ," ಎಂದೆ, "ಅದರದ್ದು."